ಹತ್ತಕ್ಕೆ ಮಲಗಿದರೆ ಒಂದಕ್ಕೆ ನಿದ್ದೆ: ಬಳ್ಳಾರಿ ಬಿಸಿಲಲ್ಲಿ ಏನು ಮಾಡುತ್ತೀರಿ?

ಜೀನ್ಸ್ ಮೇಸ್ತ್ರಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ವಯಸ್ಸು 41. ಜೀನ್ಸ್ ಪ್ಯಾಂಟ್ ಹೊಲಿಯುವ ಸಣ್ಣ ಯೂನಿಟ್ ಇದೆ, ಎಂಟು ಮಿಷನ್, ಒಂಬತ್ತು ಜನ. ಶಿವರಾತ್ರಿ ಮುಗಿದು ಬಿಸಿಲು ಏರಿದಾಗಿನಿಂದ ನನಗೆ ನಿದ್ದೆ ಇಲ್ಲ.

ಏನಾಗುತ್ತಿದೆ ಅಂದರೆ, ದೊಡ್ಡವರಿಗೆ ಎಂಟು ಗಂಟೆ ನಿದ್ದೆ ಬೇಕೇ ಬೇಕು ಅಂತ ಎಲ್ಲಾ ಕಡೆ ಓದಿದ್ದೇನೆ, ಅದಕ್ಕೆ ಹತ್ತಕ್ಕೆ ಸರಿಯಾಗಿ ಲೈಟ್ ಆರಿಸಿ ಬಿದ್ದುಕೊಳ್ಳುತ್ತೇನೆ. ಆಮೇಲೆ ಶುರು. ಬಲಕ್ಕೆ ಹೊರಳು, ಎಡಕ್ಕೆ ಹೊರಳು, ದಿಂಬು ತಿರುವಿ ಹಾಕು, ನೀರು ಕುಡಿ, ಟೈಮ್ ನೋಡು. ಹನ್ನೊಂದು. ಹನ್ನೊಂದೂವರೆ. ಹನ್ನೆರಡಾದ ಮೇಲೆ, ಇನ್ನು ಈಗಲೇ ನಿದ್ದೆ ಬಂದರೂ ಆರೂವರೆ ತಾಸು ಸಿಗುತ್ತದೆ ಅಷ್ಟೇ ಅಂತ ಲೆಕ್ಕ ಹಾಕುತ್ತೇನೆ. ಆ ಲೆಕ್ಕದಲ್ಲೇ ಇನ್ನೊಂದು ತಾಸು ಹೋಗುತ್ತದೆ. ಒಂದು ಗಂಟೆ ಸುಮಾರಿಗೆ ಯಾವಾಗಲೋ ಕಣ್ಣು ಹತ್ತುತ್ತದೆ. ಬೆಳಿಗ್ಗೆ ಆರೂವರೆಗೆ ಹೆಂಡತಿ ಎಬ್ಬಿಸಿದರೆ ತಲೆ ಕಲ್ಲಾಗಿರುತ್ತದೆ.

ಇದರ ಮೇಲೆ ಭಾಮೈದ ಒಂದು ಸ್ಮಾರ್ಟ್ ವಾಚ್ ತಂದುಕೊಟ್ಟಿದ್ದಾನೆ. ಅದು ದಿನಾ ಬೆಳಿಗ್ಗೆ ನನ್ನ ನಿದ್ದೆಗೆ ಮಾರ್ಕ್ಸ್ ಕೊಡುತ್ತದೆ. ನಿನ್ನೆ 100ಕ್ಕೆ 52. ಗಾಢ ನಿದ್ದೆ 38 ನಿಮಿಷವಂತೆ. ಎಸ್ಸೆಸ್ಸೆಲ್ಸಿಯಲ್ಲೂ ನನಗೆ ಇಷ್ಟು ಕಮ್ಮಿ ಬಂದಿರಲಿಲ್ಲ.

ಮನೆ ಮೇಲಿನ ಮಹಡಿ, ಆರ್‌ಸಿಸಿ ತಾರಸಿ. ಮಲಗುವ ರೂಮು 18ರಿಂದ 20 ಡಿಗ್ರಿ ಇರಬೇಕು ಅಂತ ಒಂದು ವಿಡಿಯೋದಲ್ಲಿ ಹೇಳಿದರು. ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗಿರುತ್ತದೆ. ಎಸಿ ಇಲ್ಲ. ಸದ್ಯಕ್ಕೆ ಹಾಕಿಸುವುದೂ ಇಲ್ಲ.

ಇನ್ನೊಂದು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ 0.25 ಮಿಲಿಗ್ರಾಂನ ಒಂದು ಸಣ್ಣ ಮಾತ್ರೆ ಕೊಟ್ಟರು. ಚೀಟಿ ಗೀಟಿ ಏನೂ ಕೇಳಲಿಲ್ಲ. ಎರಡು ರಾತ್ರಿ ಹೆಣದ ಹಾಗೆ ಮಲಗಿದೆ. ಮೂರನೇ ದಿನ ಹೆದರಿಕೆಯಾಗಿ ಬಿಟ್ಟೆ.

ಎಂಟು ಗಂಟೆ ನಿಜಕ್ಕೂ ಬೇಕಾ? ಈ ಬಿಸಿಲಲ್ಲಿ ನೀವೆಲ್ಲ ಹೇಗೆ ಮಲಗುತ್ತೀರಿ? ಹಾಲು, ಬಾಳೆಹಣ್ಣು, ಅಶ್ವಗಂಧ ಅಂತ ಮಾತ್ರ ಹೇಳಬೇಡಿ. ಅವೆಲ್ಲ ಆಗಿದೆ.


ಮಂಡಾಳ ಒಗ್ಗರಣೆ

ಹಾಲು ಬೇಡ ಅಂದಿರಿ, ಸರಿ. ಗಸಗಸೆ ಪಾಯಸ? ನಮ್ಮ ಕಡೆ ಮದುವೆ ಊಟಕ್ಕೆ ಗಸಗಸೆ ಪಾಯಸ ಬಿದ್ದರೆ ಮೂರು ಗಂಟೆಗೆ ಇಡೀ ಚಪ್ಪರ ಗೊರಕೆ ಹೊಡೆಯುತ್ತಿರುತ್ತದೆ.

ತಮಾಷೆ ಬಿಡಿ. ರಾತ್ರಿ ಊಟ ಎಷ್ಟಕ್ಕೆ? ಸಂಜೆ ಏಳಕ್ಕೆ ಒಗ್ಗರಣೆ, ಜೊತೆಗೆ ನಾಲ್ಕು ಮಿರ್ಚಿ, ಆಮೇಲೆ ಒಂಬತ್ತೂವರೆಗೆ ಮತ್ತೆ ರೊಟ್ಟಿ ಊಟ, ಹತ್ತಕ್ಕೆ ಹಾಸಿಗೆ ಅಂದರೆ ಎದೆ ಉರಿಯದೆ ಇನ್ನೇನಾಗುತ್ತದೆ. ನಾನು ಊಟವನ್ನು ಎಂಟಕ್ಕೆ ತಂದೆ. ಹುಳಿತೇಗು ನಿಂತಿತು. ನಿದ್ದೆಗೆ ಅಷ್ಟೇ ಸಾಕಾ ಗೊತ್ತಿಲ್ಲ, ನನಗೆ ಸಾಕಾಯಿತು.


ಹೊರಸು ಅಜ್ಜ, ಹಟ್ಟಿ

ತಮ್ಮಾ, ಬಿಸಿಲಿನದ್ದು ನಾನು ಹೇಳುತ್ತೇನೆ, ಉಳಿದದ್ದು ಓದಿದವರು ಹೇಳಲಿ. ಗಣಿ ಕೆಲಸದಲ್ಲಿ ಮೂವತ್ತು ವರ್ಷ ಮೂರು ಪಾಳಿ ಮಾಡಿದವನು ನಾನು. ಹಗಲು ಹನ್ನೆರಡಕ್ಕೆ ಮೇ ತಿಂಗಳ ಬಿಸಿಲಲ್ಲಿ ಮಲಗಿ ಎದ್ದವನು.

ಆರ್‌ಸಿಸಿ ಮನೆಯ ತೊಂದರೆ ಏನೆಂದರೆ ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ವಾಂತಿ ಮಾಡುತ್ತದೆ. ಹೊರಗೆ ಹನ್ನೊಂದಕ್ಕೆ ಗಾಳಿ ತಣ್ಣಗಾಗಿದ್ದರೂ ಒಳಗೆ ಸೂರು ಇನ್ನೂ ಉಗುಳುತ್ತಿರುತ್ತದೆ. ಹಿಂದಿನ ಮಣ್ಣಿನ ಮಾಳಿಗೆ ಮನೆಯಲ್ಲಿ ಇದು ಇರಲಿಲ್ಲ, ದಪ್ಪ ಗೋಡೆ, ಮೇಲೆ ಮಣ್ಣು, ಶಾಖ ಒಳಗೆ ಇಳಿಯುವುದೇ ನಿಧಾನ. ಅದನ್ನೆಲ್ಲ ಕೆಡವಿ ಕಾಂಕ್ರೀಟು ಹಾಕಿ ಈಗ ಕೂಲರ್ ಕೊಳ್ಳುತ್ತಿದ್ದೇವೆ. ಇರಲಿ.

ತಾರಸಿಗೆ ಸುಣ್ಣ ಹೊಡೆಸು. ದಪ್ಪಗೆ, ಎರಡು ಕೋಟು. ಬಿಳಿ ಬಣ್ಣಕ್ಕೆ ಬಿಸಿಲು ವಾಪಸ್ ಹೋಗುತ್ತದೆ, ವ್ಯತ್ಯಾಸ ನಿನಗೇ ಗೊತ್ತಾಗುತ್ತದೆ. ಹಗಲು ಹತ್ತರಿಂದ ಸಂಜೆ ಆರರವರೆಗೆ ಕಿಟಕಿ ಮುಚ್ಚು, ಪಡುವಣ ಕಿಟಕಿಗೆ ಗೋಣಿ ಚೀಲ ಕಟ್ಟು. ಬಿಸಿಲಿಳಿದ ಮೇಲೆ ಎಲ್ಲ ತೆಗೆ. ಜನ ಇದನ್ನು ಉಲ್ಟಾ ಮಾಡುತ್ತಾರೆ: ಹಗಲು ತೆಗೆದಿಡುತ್ತಾರೆ, ರಾತ್ರಿ ಸೊಳ್ಳೆ ಅಂತ ಮುಚ್ಚುತ್ತಾರೆ. ಸೊಳ್ಳೆಗೆ ಪರದೆ ಇದೆಯಲ್ಲ.

ಕೂಲರ್ ಇದ್ದರೆ ಕಿಟಕಿ ತೆಗೆದಿರಲೇಬೇಕು. ರೂಮು ಮುಚ್ಚಿ ಕೂಲರ್ ಹಾಕಿದರೆ ಒಳಗೆಲ್ಲ ನೀರಿನ ಹಬೆ ತುಂಬಿ ಮೈ ಅಂಟಂಟಾಗುತ್ತದೆ. ನಮ್ಮದು ಒಣ ಬಿಸಿಲು, ಅದಕ್ಕೇ ಇಲ್ಲಿ ಕೂಲರ್ ನಡೆಯುತ್ತದೆ. ಮಂಗಳೂರಲ್ಲಿ ನಡೆಯುವುದಿಲ್ಲ. ಇಲ್ಲೂ ಮಳೆ ಬಂದ ಮೇಲೆ ಅದು ಬರೀ ಸದ್ದು.

ಎಲ್ಲಕ್ಕಿಂತ ಸುಲಭ ಅಂದರೆ ಮೇಲೆ ಹೋಗಿ ಮಲಗು. ಸಂಜೆ ತಾರಸಿಗೆ ನೀರು ಚಿಮುಕಿಸಿ, ನುಲಿ ಹೆಣೆದ ಹೊರಸು ಹಾಕಿ, ಮೇಲೆ ಒಂದು ತೆಳು ಹತ್ತಿ ಹಾಸು. ಫೋಮ್ ಹಾಸಿಗೆ ಒಯ್ಯಬೇಡ, ಅದು ಬೆನ್ನಿನ ಬಿಸಿಯನ್ನು ಬೆನ್ನಿಗೇ ಕೊಡುತ್ತದೆ. ಹೊರಸಿಗೆ ಕೆಳಗಿಂದಲೂ ಗಾಳಿ ಆಡುತ್ತದೆ. ಬೆಳಿಗ್ಗೆ ಐದೂವರೆಗೆ ಬೆಳಕು ಮುಖಕ್ಕೆ ಬಿದ್ದು ತಾನಾಗಿ ಎಚ್ಚರವಾಗುತ್ತದೆ, ಹೆಂಡತಿಗೆ ಎಬ್ಬಿಸುವ ಕೆಲಸವೂ ಇಲ್ಲ.


ಕೊಪ್ಪಳ ಮೇಷ್ಟ್ರು

ಅಜ್ಜ ಹೇಳಿದ ಕೊನೇ ಮಾತು ಅವರಿಗೇ ಗೊತ್ತಿಲ್ಲದಷ್ಟು ದೊಡ್ಡದು. ಬೆಳಗಿನ ಬೆಳಕು. ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನೂ ಒಂದೂವರೆ ವರ್ಷ ಇದೇ ಒದ್ದಾಟ ಮಾಡಿದವನು. ಮನೋವೈದ್ಯರೊಬ್ಬರು ಮಾತ್ರೆ ಬರೆಯದೆ ಅಭ್ಯಾಸ ತಿದ್ದಿಸಿ ಸರಿ ಮಾಡಿದರು. ಸಿಬಿಟಿ-ಐ ಅನ್ನುತ್ತಾರೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ನಾನು ಡಾಕ್ಟರಲ್ಲ, ನನಗೆ ಹೇಳಿಕೊಟ್ಟದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಎಂಟು ಗಂಟೆ. ಅಲ್ಲಿನ ನಿದ್ದೆ ತಜ್ಞರ ಎರಡು ಸಂಘಗಳು 2015ರಲ್ಲಿ ಕೂತು ತೀರ್ಮಾನ ಮಾಡಿದ್ದು, 18ರಿಂದ 60 ವರ್ಷದವರಿಗೆ ಏಳು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅಂತ. ಎಂಟು ಅಂತ ಯಾರೂ ಕಲ್ಲಿನ ಮೇಲೆ ಕೆತ್ತಿಲ್ಲ. ಆದರೆ ಐದಕ್ಕೇ ಸಾಕು ಅಂತ ಎದೆ ತಟ್ಟುವವರನ್ನೂ ನಂಬಬೇಡಿ.

ನಿದ್ದೆ ಬರುವುದಕ್ಕೆ ಎರಡು ಕೂಡಬೇಕು. ಒಂದು ಹಸಿವಿನ ಹಾಗೆ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಕೂಡಿಕೊಳ್ಳುತ್ತಾ ಹೋಗುತ್ತದೆ, ಅದು ಕೂಡಿದಷ್ಟೂ ಕಣ್ಣು ಎಳೆಯುತ್ತದೆ. ಚಾದಲ್ಲಿನ ಕೆಫೀನ್ ಮಾಡುವುದೇನು ಗೊತ್ತಾ? ಅಡೆನೊಸಿನ್ ಬಂದು ಕೂರುವ ಸೀಟಿನ ಮೇಲೆ ಮೊದಲೇ ಟವೆಲ್ ಹಾಕಿಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಸೀಟು ಸಿಗದೆ ಬಾಗಿಲಲ್ಲಿ ನಿಂತಿರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಏಳರ ಚಾ ಹನ್ನೆರಡಕ್ಕೆ ಇನ್ನೂ ಅರ್ಧ ಲೋಟ ಒಳಗಿದೆ ಅಂತ ತಿಳಿಯಿರಿ.

ಎರಡನೆಯದು ಮೈಯೊಳಗಿನ ಗಡಿಯಾರ. ಇದು ಹೇಗೆ ಓಡುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಹುಡುಕಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಿಗ್ಗೆ ಎದ್ದು ಹೊರಗಿನ ಬೆಳಕಿಗೆ ಹೋದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಟ್ಯೂಬ್‌ಲೈಟ್, ಮೊಬೈಲ್ ಅಂತ ಬೆಳಕು ಕೊಟ್ಟರೆ ಇನ್ನೂ ಸಂಜೆ ಅಂತ ಅದು ತಿಳಿಯುತ್ತದೆ.

ಈಗ ನಿಮ್ಮ ತಪ್ಪಿಗೆ ಬರೋಣ. ಹಸಿವಿಲ್ಲದೆ ಎಲೆ ಮುಂದೆ ಕೂತಿದ್ದೀರಿ. ಹತ್ತಕ್ಕೆ ಮಲಗಿ ಮೂರು ತಾಸು ಹೊರಳಿದರೆ ಹಾಸಿಗೆ ಅಂದರೆ ಹೊರಳುವ ಜಾಗ ಅಂತ ಮಿದುಳು ಕಲಿಯುತ್ತದೆ. ಸೋಫಾದ ಮೇಲೆ ಟಿವಿ ನೋಡುತ್ತಾ ತೂಕಡಿಸುವವರು ಹಾಸಿಗೆಗೆ ಹೋದ ಕೂಡಲೇ ಎಚ್ಚರವಾಗುವುದು ಇದಕ್ಕೇ. ಇದನ್ನು ಬಿಡಿಸುವ ದಾರಿಯನ್ನು ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞ 1972ರಲ್ಲೇ ಹೇಳಿದ: ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗು, ಬರದಿದ್ದರೆ ಎದ್ದು ಹೊರಗೆ ಬಾ, ಬಂದಾಗ ಮತ್ತೆ ಹೋಗು, ಎಷ್ಟು ಸಲವಾದರೂ ಸರಿ. ರಾತ್ರಿ ಹೇಗೇ ಹೋಗಿರಲಿ, ಏಳುವ ಹೊತ್ತು ಮಾತ್ರ ಒಂದೇ. ಭಾನುವಾರವೂ ಅಷ್ಟೇ.

ಎದ್ದು ಬಂದು ಏನು ಮಾಡುವುದು? ಬೇಸರದ ಕೆಲಸ. ನಾನು ಶೇಂಗಾ ಸುಲಿಯುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿಗೆ ಬರ ಬರಲಿಲ್ಲ.

ಇದರ ಜೊತೆ ಇನ್ನೊಂದು ಕಷ್ಟದ ಪಥ್ಯವಿದೆ. ನೀವು ನಿಜಕ್ಕೂ ಮಲಗುವುದು ಐದೂವರೆ ತಾಸು ಅಲ್ವಾ? ಹಾಗಾದರೆ ಹಾಸಿಗೆಯಲ್ಲಿ ಇರುವುದೂ ಅಷ್ಟೇ. ಒಂದಕ್ಕೆ ಹೋಗಿ, ಆರೂವರೆಗೆ ಏಳಿ. ಒಂದೆರಡು ವಾರ ಸತ್ತು ಸುಣ್ಣವಾಗುತ್ತೀರಿ, ಆಮೇಲೆ ತಲೆ ಇಟ್ಟ ಕೂಡಲೇ ನಿದ್ದೆ. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆಯೇ ಆದಾಗ ವಾರಕ್ಕೆ ಹದಿನೈದು ನಿಮಿಷ ಮುಂಚೆ ಮಲಗುತ್ತಾ ಬನ್ನಿ.

ಆ ವಾಚನ್ನು ಭಾಮೈದನಿಗೇ ಕೊಡಿ. ಅದು ಕೈ ಅಲುಗಾಟ, ನಾಡಿ ಬಡಿತ ನೋಡಿ ಅಂದಾಜು ಹಾಕುತ್ತದೆ, ಅಷ್ಟೇ. ಗಾಢ ನಿದ್ದೆಯನ್ನು ನಿಜವಾಗಿ ಅಳೆಯಬೇಕಾದರೆ ತಲೆಗೆ ವೈರು ಅಂಟಿಸಿ ಮಿದುಳಿನ ಅಲೆ ನೋಡಬೇಕು.


ಜೀನ್ಸ್ ಮೇಸ್ತ್ರಿ, ಬಳ್ಳಾರಿ

ಮೇಷ್ಟ್ರೇ, ಅಜ್ಜಾ, ಇಬ್ಬರಿಗೂ ಕೈ ಮುಗಿದೆ. ಓದುತ್ತಾ ಓದುತ್ತಾ ನನಗೇ ನಾಚಿಕೆಯಾಯಿತು, ಕೆಲವು ವಿಷಯ ಮೊದಲೇ ಹೇಳಬೇಕಿತ್ತು.

ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಯೂನಿಟ್ ಬಂದ್. ತಗಡಿನ ಕೆಳಗೆ ಯಾರೂ ಕೂರಲಾಗುವುದಿಲ್ಲ, ಹುಡುಗರು ಮನೆಗೆ ಹೋಗುತ್ತಾರೆ. ನಾನು ಪಕ್ಕದ ಆಫೀಸ್ ರೂಮಿನಲ್ಲಿ ಕೂಲರ್ ಹಾಕಿಕೊಂಡು ಊಟ ಮಾಡಿ ಮಲಗುತ್ತೇನೆ. ಅಲ್ಲಿ ಮಾತ್ರ ಎಂಥಾ ನಿದ್ದೆ ಅಂತೀರಿ! ಹುಡುಗರು ಬಂದು ಬಾಗಿಲು ಬಡಿಯಬೇಕು.

ಚಾ ದಿನಕ್ಕೆ ಆರೇಳು. ಕೊನೆಯದು ಎಂಟಕ್ಕೆ, ವ್ಯಾಪಾರಿಗಳು ಬಂದರೆ ಒಂಬತ್ತಕ್ಕೂ ಆಗುತ್ತದೆ. ಊಟದ ನಂತರ ಎಲೆ, ಅಡಿಕೆ, ಚೂರು ತಂಬಾಕು.

ಮಾಳಿಗೆ ಮೇಲೆ ಮಲಗುವುದಕ್ಕೆ ಹೆಂಡತಿ ಖುಷಿಯಿಂದ ಒಪ್ಪಿದಳು. ಅವಳು ಬರುವುದಿಲ್ಲವಂತೆ. ನನ್ನ ಗೊರಕೆಗೆ ಹೆದರಿ ಒಂದು ವರ್ಷದಿಂದ ಮಕ್ಕಳ ರೂಮಿನಲ್ಲೇ ಮಲಗುತ್ತಾಳೆ, ಈಗ ಊರಿಗೆಲ್ಲ ಕೇಳಿಸುತ್ತದೆ ಅಂತ ನಗುತ್ತಾಳೆ.


ಹೊರಸು ಅಜ್ಜ, ಹಟ್ಟಿ

ಎಲಾ ಇವನ! ರಾತ್ರಿ ಐದೂವರೆ, ಹಗಲು ಎರಡೂವರೆ. ಕೂಡಿಸು ನೋಡೋಣ. ಎಂಟು ತಾಸು ನಿದ್ದೆ ಮಾಡಿ ನಿದ್ದೆ ಇಲ್ಲ ಅಂತ ಅಳುತ್ತಿದ್ದೀಯಲ್ಲೋ. ಹಗಲು ಹೊಟ್ಟೆ ತುಂಬಾ ತಿಂದು ರಾತ್ರಿ ಎಲೆ ಮುಂದೆ ಹಸಿವಿಲ್ಲ ಅಂದ ಹಾಗಾಯಿತು.


ರಾಯಚೂರು ಸಿಸ್ಟರ್

ಅಜ್ಜ, ಸ್ವಲ್ಪ ತಡೆಯಿರಿ. ನಿಮ್ಮ ಲೆಕ್ಕ ಸರಿ. ಅದಕ್ಕೇ ನನಗೆ ಅನುಮಾನ ಜಾಸ್ತಿಯಾಗಿದ್ದು.

ನಾನು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್. ಮೇಸ್ತ್ರಿಯವರೇ, ದಿನಕ್ಕೆ ಒಟ್ಟು ಎಂಟು ತಾಸು ಮಲಗಿದ ಮನುಷ್ಯನಿಗೆ ಬೆಳಿಗ್ಗೆ ತಲೆ ಕಲ್ಲಾಗಬಾರದು. ಮಧ್ಯಾಹ್ನ ಬಾಗಿಲು ಬಡಿದರೂ ಏಳದಷ್ಟು ಬೀಳಬಾರದು. ಹೊತ್ತು ಸಾಕಾಗಿದೆ ಅಂದರೆ ನಿದ್ದೆಯೊಳಗೇ ಏನೋ ಕೆಟ್ಟಿದೆ. ಗೊರಕೆ ಮಾತನ್ನು ನೀವು ನಕ್ಕು ದಾಟಿಸಿದಿರಿ. ನಾನು ಅಲ್ಲೇ ನಿಂತೆ.

ಹೆಂಡತಿಯನ್ನು ಒಂದು ಪ್ರಶ್ನೆ ಕೇಳಿ: ಗೊರಕೆ ಒಂದೇ ಸಮನೆ ಹೋಗುತ್ತದೆಯಾ, ಅಥವಾ ಮಧ್ಯೆ ಪೂರ್ತಿ ನಿಂತು, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಆಮೇಲೆ ಉಸಿರು ಕಟ್ಟಿದವರ ಹಾಗೆ ಗಕ್ಕನೆ ಎಳೆದುಕೊಳ್ಳುತ್ತೀರಾ? ಹಾಗಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದಾಗ ಗಂಟಲಿನ ಮಾಂಸ ಸಡಿಲಾಗಿ ಗಾಳಿದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಹತ್ತು ಸೆಕೆಂಡು, ಕೆಲವರಿಗೆ ಅದಕ್ಕೂ ಜಾಸ್ತಿ ನಿಲ್ಲುತ್ತದೆ. ಆಮ್ಲಜನಕ ಇಳಿದು ಮಿದುಳು ಎಬ್ಬಿಸುತ್ತದೆ, ಒಂದೆರಡು ಕ್ಷಣ ಅಷ್ಟೇ, ಬೆಳಿಗ್ಗೆ ನಿಮಗೆ ನೆನಪೂ ಇರುವುದಿಲ್ಲ. ಹೀಗೆ ಉಸಿರು ತಡೆಯುವುದು ಗಂಟೆಗೆ ಐದು ಸಲಕ್ಕಿಂತ ಕಮ್ಮಿಯಿದ್ದರೆ ಸಹಜ ಅನ್ನುತ್ತಾರೆ, ಮೂವತ್ತು ದಾಟಿದರೆ ತೀವ್ರ. ಅಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ನಿಮ್ಮನ್ನು ಅಲ್ಲಾಡಿಸಿದ ಹಾಗೆ. ಇನ್ನು ತಲೆ ಹಗುರಾಗುವುದು ಎಲ್ಲಿಂದ?

ಡಾಕ್ಟರು ಕೇಳುವ ಮಿಕ್ಕ ಪ್ರಶ್ನೆಗಳೂ ಹೆಚ್ಚು ಕಮ್ಮಿ ಇವೇ. ಬಿಪಿ ಇದೆಯಾ? ತೂಕ ಜಾಸ್ತಿಯಾ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ದಾಟುತ್ತದೆಯಾ? ಟೇಪು ನಿಮ್ಮ ಕೊರಳಲ್ಲೇ ಇರುತ್ತದಲ್ಲ, ಅಳೆದುಕೊಳ್ಳಿ. ಬೆಳಿಗ್ಗೆ ತಲೆನೋವು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಇವನ್ನೂ ಹೇಳಿ. ಕಿವಿ ಮೂಗು ಗಂಟಲಿನ ವೈದ್ಯರು ಅಥವಾ ಶ್ವಾಸಕೋಶದ ವೈದ್ಯರ ಹತ್ತಿರ ಹೋಗಬೇಕು. ಈಗ ಮನೆಯಲ್ಲೇ ರಾತ್ರಿ ಕಟ್ಟಿಕೊಂಡು ಮಲಗುವ ಸಣ್ಣ ಯಂತ್ರದಿಂದಲೂ ಪರೀಕ್ಷೆ ಆಗುತ್ತದೆ.

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಐದೂವರೆ ತಾಸಿನ ಪಥ್ಯ ಇವರಿಗೆ ಈಗ ಬೇಡ. ಹಗಲು ತೂಕಡಿಸುವವರಿಗೆ, ಗಾಡಿ ಓಡಿಸುವವರಿಗೆ, ಫಿಟ್ಸ್ ಇರುವವರಿಗೆ ಅದನ್ನು ಸುಮ್ನೆ ಮನೆಯಲ್ಲಿ ಮಾಡಿಸಬಾರದು. ಇವರ ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುವ ಮಿಷನ್ ಇದೆ. ಆ ಬ್ಲೇಡಿನ ಮುಂದೆ ಅರೆನಿದ್ದೆಯಲ್ಲಿ ನಿಂತರೆ ಬೆರಳು ಹೋಗುತ್ತದೆ.

ಆಮೇಲೆ ಆ 0.25 ಮಾತ್ರೆ. ಹೆಸರು ಹೇಳಿಲ್ಲ ನೀವು, ಆಲ್ಪ್ರಜೋಲಮ್ ಅನ್ನುವ ಆತಂಕದ ಮಾತ್ರೆ ಇರಬಹುದು ಅಂತ ನನ್ನ ಊಹೆ. ಅದು ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ. 2014ರ ಮಾರ್ಚ್‌ನಿಂದ ಆ ಪಟ್ಟಿಯ ಔಷಧಿಗೆ ಡಾಕ್ಟರ ಚೀಟಿ ಬೇಕೇ ಬೇಕು, ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಇಲ್ಲದೆ ಕೊಟ್ಟರು ಅಂದರೆ ನಿಮಗೆ ಉಪಕಾರ ಮಾಡಲಿಲ್ಲ. ಗೊರಕೆಯವರಿಗೆ ಇಂಥ ಮಾತ್ರೆ ಇನ್ನೂ ಕೆಟ್ಟದ್ದು, ಗಂಟಲನ್ನು ಮತ್ತಷ್ಟು ಸಡಿಲ ಮಾಡುತ್ತದೆ. ರಾತ್ರಿ ಹಾಕುವ ಪೆಗ್ಗು ಮಾಡುವುದೂ ಅದನ್ನೇ. ಎರಡು ದಿನಕ್ಕೆ ಬಿಟ್ಟದ್ದು ಒಳ್ಳೆಯದಾಯಿತು. ಆದರೆ ಇದನ್ನು ಓದುತ್ತಿರುವ ಯಾರಾದರೂ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು.


ಕೊಪ್ಪಳ ಮೇಷ್ಟ್ರು

ಸಿಸ್ಟರ್ ಹೇಳಿದ್ದು ಸರಿ, ನನ್ನದು ಅವಸರವಾಯಿತು. ನನಗೆ ಗೊರಕೆ ಇರಲಿಲ್ಲ, ಹಾಗಾಗಿ ಆ ಕಡೆ ತಲೆ ಓಡಲಿಲ್ಲ. ಮೇಸ್ತ್ರಿಯವರೇ, ಪಥ್ಯ ಬಿಡಿ. ಏಳುವ ಹೊತ್ತು ಒಂದೇ ಇಡುವುದು, ಹಾಸಿಗೆಯಲ್ಲಿ ಹೊರಳದೆ ಎದ್ದು ಬರುವುದು, ಮಧ್ಯಾಹ್ನದ ನಿದ್ದೆಯನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸುವುದು, ಮಧ್ಯಾಹ್ನ ಎರಡರ ಮೇಲೆ ಚಾ ಬಿಡುವುದು, ಇಷ್ಟಕ್ಕೆ ಯಾರ ಅಪ್ಪಣೆಯೂ ಬೇಡ ಅಲ್ವಾ ಸಿಸ್ಟರ್? ತಂಬಾಕೂ ಅಷ್ಟೇ. ಮಲಗುವ ಮುಂಚೆ ಹಾಕಿದರೆ ಸಮಾಧಾನ ಅನ್ನಿಸುತ್ತದೆ, ಆದರೆ ನಿಕೋಟಿನ್ ಎಬ್ಬಿಸುವ ವಸ್ತು.


ರಾಯಚೂರು ಸಿಸ್ಟರ್

ಬೇಡ. ಮಾಡಲಿ. ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ, ಅದಕ್ಕೂ ಅಪ್ಪಣೆ ಬೇಡ.


ದಾಳಿಂಬೆ ತೋಟ, ಕುಷ್ಟಗಿ

ನೀವೆಲ್ಲ ಒಂದೇ ಹೊತ್ತಿಗೆ ಏಳು ಅಂತ ಪಾಠ ಹೇಳುತ್ತಿದ್ದೀರಿ. ನಮಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂದರೆ ಒಂದಕ್ಕೆ ಎದ್ದು ಬೈಕ್ ಹತ್ತಿ ಹೊಲಕ್ಕೆ ಹೋಗಬೇಕು, ಮೋಟರ್ ಹಾಕಿ, ವಾಲ್ವ್ ತಿರುವಿ, ಹಾವು ಚೇಳು ನೋಡಿಕೊಂಡು ಕೂತು, ನಾಲ್ಕಕ್ಕೋ ಐದಕ್ಕೋ ಮನೆಗೆ ಬರಬೇಕು. ಬಂದರೆ ಎಮ್ಮೆ ಹಾಲು ಕರೆಯುವ ಹೊತ್ತು. ಇದಕ್ಕೆ ನಿಮ್ಮ ನೊಬೆಲ್‌ನವರು ಏನು ಹೇಳುತ್ತಾರೆ?


ಹೊರಸು ಅಜ್ಜ, ಹಟ್ಟಿ

ನೊಬೆಲ್‌ನವರನ್ನು ಬಿಡು, ಪಾಳಿ ಮಾಡಿದವನು ನಾನು ಹೇಳುತ್ತೇನೆ. ಬಂದ ಮೇಲೆ ಮಾಡುವ ನಿದ್ದೆಗಿಂತ ಹೋಗುವ ಮುಂಚೆ ಮಾಡಿದ ನಿದ್ದೆ ದೊಡ್ಡದು. ರಾತ್ರಿ ವಾರ ಬಂದರೆ ಎಂಟೂವರೆಗೇ ಮಲಗಿಬಿಡು, ಟಿವಿ ಧಾರಾವಾಹಿ ಆ ವಾರ ಹೆಂಡತಿ ಒಬ್ಬಳೇ ನೋಡಲಿ. ನಾಲ್ಕು ತಾಸು ಗಟ್ಟಿ ನಿದ್ದೆ ಸಿಗುತ್ತದೆ. ಉಳಿದದ್ದು ಬೆಳಿಗ್ಗೆ ಎಮ್ಮೆ ಕೆಲಸ ಮುಗಿಸಿ, ಕತ್ತಲೆ ಮಾಡಿಕೊಂಡು ಒಂದೆರಡು ತಾಸು. ನಾವು ಕಿಟಕಿಗೆ ಕಪ್ಪು ಕೌದಿ ಕಟ್ಟುತ್ತಿದ್ದೆವು. ನೈಟ್ ಮುಗಿಸಿ ಬರುವಾಗ ತಲೆಗೆ ಟವೆಲ್ ಹಾಕಿ ಕಣ್ಣಿಗೆ ಬಿಸಿಲು ಬೀಳದ ಹಾಗೆ ಬರುತ್ತಿದ್ದೆ, ಯಾಕೆ ಅಂತ ಆಗ ಗೊತ್ತಿರಲಿಲ್ಲ, ನಿದ್ದೆ ಬೇಗ ಬರುತ್ತಿತ್ತು ಅಷ್ಟೇ. ಈಗ ಮೇಷ್ಟ್ರು ಹೇಳಿದ ಗಡಿಯಾರದ ಮಾತು ಕೇಳಿ ಅರ್ಥವಾಯಿತು.


ಕೊಪ್ಪಳ ಮೇಷ್ಟ್ರು

ಕುಷ್ಟಗಿಯವರೇ, ನಿಮ್ಮ ಸಿಟ್ಟು ನ್ಯಾಯವೇ. ವಾರಕ್ಕೊಮ್ಮೆ ಹೊತ್ತು ಬದಲಾದರೆ ಒಳಗಿನ ಗಡಿಯಾರ ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಹಗಲು ಬಂದಿರುತ್ತದೆ. ಅದಕ್ಕೆ ಮದ್ದಿಲ್ಲ. ರಾತ್ರಿ ಕೆಲಸದ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2019ರಲ್ಲೂ ಬಹುಶಃ ಕ್ಯಾನ್ಸರ್ ತರಬಹುದಾದದ್ದು ಅನ್ನುವ ಗುಂಪಿನಲ್ಲೇ ಇಟ್ಟಿತು. ಅಂದರೆ ಮೈಗೆ ಇದು ಸಣ್ಣ ಹೊಡೆತ ಅಲ್ಲ.

ಬೈಕ್ ಬಗ್ಗೆ ಒಂದು ಮಾತು. ಹದಿನೇಳು ತಾಸು ಬಿಡದೆ ಎಚ್ಚರವಾಗಿದ್ದವರ ಕೈ ಕಣ್ಣಿನ ಚುರುಕು, ರಕ್ತದಲ್ಲಿ ಶೇಕಡ 0.05 ಆಲ್ಕೋಹಾಲ್ ಇರುವವರ ಹಾಗೆ ಇರುತ್ತದೆ ಅಂತ 1997ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 0.03. ಬೆಳಿಗ್ಗೆ ಆರಕ್ಕೆ ಎದ್ದು, ರಾತ್ರಿ ಮಲಗದೆ ಒಂದರವರೆಗೆ ಟಿವಿ ನೋಡಿ ಹೊಲಕ್ಕೆ ಹೊರಟರೆ ಹತ್ತೊಂಬತ್ತು ತಾಸು. ಕುಡಿಯದೆಯೂ ಕುಡಿದವರ ಲೆಕ್ಕ. ಅಜ್ಜ ಹೇಳಿದ ಎಂಟೂವರೆ ನಿದ್ದೆ ಇದಕ್ಕಾದರೂ ಬೇಕು.


ದಾಳಿಂಬೆ ತೋಟ, ಕುಷ್ಟಗಿ

ಹತ್ತರವರೆಗೆ ಮೊಬೈಲ್ ನೋಡುವ ಚಟ ನನಗೂ ಇದೆ, ಒಪ್ಪಿದೆ. ಎಂಟೂವರೆ ಆಗುವುದಿಲ್ಲ, ಒಂಬತ್ತು ಮಾಡಿ ನೋಡುತ್ತೇನೆ.


ಜೀನ್ಸ್ ಮೇಸ್ತ್ರಿ, ಬಳ್ಳಾರಿ (ಮೂರು ವಾರದ ನಂತರ)

ಏನಾಯಿತು ಅಂತ ಕೇಳಿದವರಿಗೆ ಇದು ವರದಿ.

ಏಳುವುದು ಆರಕ್ಕೆ, ದಿನಾ. ಮಧ್ಯಾಹ್ನ ಅಲಾರಾಂ ಇಟ್ಟು ಇಪ್ಪತ್ತೈದು ನಿಮಿಷ. ಮೊದಲ ವಾರ ಬಹಳ ಸಿಟ್ಟು ಬರುತ್ತಿತ್ತು, ಒಂದು ದಿನ ಹುಡುಗರ ಮೇಲೆ ಕೂಗಾಡಿ ಆಮೇಲೆ ಎಲ್ಲರಿಗೂ ಮಿರ್ಚಿ ತರಿಸಿದೆ. ಚಾ ನಿಲ್ಲಿಸುವುದು ಎರಡಕ್ಕೆ ಆಗಲಿಲ್ಲ, ನಾಲ್ಕೂವರೆಗೆ ಒಂದು ಕುಡಿಯುತ್ತೇನೆ, ಅಲ್ಲಿಗೆ ಮುಗಿಯಿತು. ವ್ಯಾಪಾರಿಗಳಿಗೆ ಮಜ್ಜಿಗೆ ಕೊಡುತ್ತಿದ್ದೇನೆ. ಇಬ್ಬರು ಮುಖ ಗಂಟು ಹಾಕಿದರು. ತಂಬಾಕು ಕಮ್ಮಿಯಾಗಿದೆ, ಬಿಟ್ಟಿಲ್ಲ. ಹಾಸಿಗೆಗೆ ಹೋಗುವುದು ಹನ್ನೊಂದರ ಮೇಲೆ. ಹನ್ನೊಂದೂವರೆಯೊಳಗೆ ಕಣ್ಣು ಹತ್ತುತ್ತದೆ, ವಾರದಲ್ಲಿ ಐದು ದಿನ ಅನ್ನಿ. ವಾಚ್ ಡ್ರಾಯರಿನಲ್ಲಿದೆ. ತಾರಸಿಗೆ ಸುಣ್ಣ ಹೊಡೆಸಿದೆ.

ಆದರೂ ಬೆಳಿಗ್ಗೆ ತಲೆ ಪೂರ್ತಿ ಹಗುರಾಗಿಲ್ಲ. ಇಲ್ಲಿಗೆ ಸಿಸ್ಟರ್ ಮಾತು. ಹೆಂಡತಿ ಒಂದು ರಾತ್ರಿ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ನನ್ನ ಗೊರಕೆ ರೆಕಾರ್ಡ್ ಮಾಡಿದಳು. ಬೆಳಿಗ್ಗೆ ಇಬ್ಬರೂ ಕೇಳಿದೆವು. ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ. ನಾನು ಫೋನ್ ಕೆಟ್ಟಿತಾ ಅಂತ ನೋಡಿದೆ, ಹಿಂದೆ ಫ್ಯಾನ್ ಸದ್ದು ಕೇಳುತ್ತಿತ್ತು. ಆಮೇಲೆ ಗಕ್ಕನೆ ಉಸಿರು. ಅವಳು ನಗಲಿಲ್ಲ ಈ ಸಲ. ಕುತ್ತಿಗೆ 42 ಬಂತು. ಶ್ವಾಸಕೋಶದ ಡಾಕ್ಟರಿಗೆ ಆ ರೆಕಾರ್ಡಿಂಗ್ ಕೇಳಿಸಿದೆ, ಬಿಪಿಯೂ ನೋಡಿದರು, 150 ಇತ್ತು, ನನಗೆ ಗೊತ್ತೇ ಇರಲಿಲ್ಲ. ಬರುವ ಮಂಗಳವಾರ ರಾತ್ರಿ ಮನೆಯಲ್ಲೇ ಯಂತ್ರ ಕಟ್ಟಿಕೊಂಡು ಮಲಗುವ ಪರೀಕ್ಷೆ. ಆಪ್ನಿಯಾ ಅಂತಾದರೆ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬೇಕಾಗಬಹುದು ಅಂದರು, ಹತ್ತು ಕಿಲೋ ಇಳಿಸಿ ಅಂತಲೂ ಅಂದರು.

ಅಜ್ಜಾ, ಹೊರಸು ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಪಟ್ಟಿ ಹೆಣೆದ ಕಬ್ಬಿಣದ ಮಂಚ. ಎಲ್ಲಿ ಕೇಳಲಿ?


ಹೊರಸು ಅಜ್ಜ, ಹಟ್ಟಿ

ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ, ಬಂದು ಒಯ್ಯಿ. ಕಾಲು ಜಾಲಿಯದು, ಗಟ್ಟಿಯಾಗಿದೆ. ನುಲಿ ಮಾತ್ರ ಜೋತುಬಿದ್ದಿದೆ, ಹೊಸದು ಬಿಗಿಸಿಕೊಳ್ಳಬೇಕು. ಮಂಗಳವಾರದ ಪರೀಕ್ಷೆ ಮುಗಿಸಿಕೊಂಡೇ ಬಾ.